ಪದ್ಮಿನಿಗೆ ಜಿಪ್ಸಿಯ ಎಂಜಿನ್

ಮಯೂರ್ ವಿಹಾರದ ನಮ್ಮ ವಸತಿ ಸೊಸೈಟಿಯ ಗೋಡೆ ಪಕ್ಕ ನಿಂತಿದ್ದ ಹಳೆಯ ಪದ್ಮಿನಿ ಕಾರು, ಕೆಳಗಿನ ಮನೆಯ ನಿವೃತ್ತ ಕನ್ನಡ ಮೇಷ್ಟ್ರದು. ಹೆಂಡತಿ ತೀರಿಕೊಂಡ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ. ಗುಜರಿಗೆ ಹಾಕಿ ಜಾಗ ಬಿಡಿ ಎಂದು ಸೊಸೈಟಿಯ ಕಾರ್ಯದರ್ಶಿ ಸಿಕ್ಕಾಗಲೆಲ್ಲ ಕಾಡುತ್ತಿದ್ದ. ಒಂದು ಸಂಜೆ ಅವನ ಎದುರೇ ನಾನು ಬಾಯಿ ಹಾಕಿದೆ.

"ನನಗೆ ಕೊಡಿ ಮೇಷ್ಟ್ರೇ, ಓಡಿಸ್ತೀನಿ."

"ಎಂಜಿನ್ ಜಾಮ್ ಆಗಿದೆಯಮ್ಮ."

"ಬೇರೆ ಎಂಜಿನ್ ಹಾಕಿಸ್ತೀನಿ."

ಅವರು ಕಾರಿನ ಮೇಲಿನ ಧೂಳನ್ನು ಬೆರಳಿಂದ ಒರೆಸಿದರು. "ಬಣ್ಣ ಮಾತ್ರ ಬದಲಾಯಿಸಬೇಡ. ಅವಳು ಆರಿಸಿದ್ದು" ಅಂದರು.

ಆಗ ನಾನು ಗುಡಗಾಂವಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಶನಿವಾರಗಳು ಗ್ಯಾರೇಜುಗಳಿಗೆ ಮೀಸಲಾದವು. ಹೋದಲ್ಲೆಲ್ಲ ಒಂದೇ ಮಾತು: "ಮೇಡಂ, ಸಾಹೇಬರನ್ನು ಕಳಿಸಿ." ನನಗೆ ಮದುವೆಯೇ ಆಗಿರಲಿಲ್ಲ. ಕೊನೆಗೆ ಲಕ್ಷ್ಮೀ ನಗರದ ಒಬ್ಬ ಸರ್ದಾರ್ಜಿ, "ಅಚ್ಛಾ, ಯಾವ ಎಂಜಿನ್?" ಎಂದು ಕೇಳಿದ. ಅಷ್ಟೇ ಸಾಕಾಗಿತ್ತು ನನಗೆ.

ಮಾಯಾಪುರಿಯ ಗುಜರಿ ಸಂತೆಯಲ್ಲಿ, ಮೂತಿ ಜಜ್ಜಿಹೋದ ಜಿಪ್ಸಿ ಜೀಪೊಂದರ ಎಂಜಿನ್ ಸಿಕ್ಕಿತು. ಕೂರಿಸುವುದಕ್ಕೆ ಮೊದಲು ಸಾರಿಗೆ ಕಚೇರಿಯ ಅನುಮತಿ ಬೇಕಿತ್ತು. ಕೌಂಟರಿನ ಅಧಿಕಾರಿ ತಲೆ ಎತ್ತಲಿಲ್ಲ.

"ಇದೆಲ್ಲ ಆಗಲ್ಲ. ಹೊಸ ಕಾರು ತಗೊಳ್ಳಿ."

"ಆಗಲ್ಲ ಅಂತ ಯಾವ ನಿಯಮದಲ್ಲಿದೆ, ತೋರಿಸಿ ಭಾಯಿಸಾಬ್. ನಾನು ಇಲ್ಲೇ ಕೂತಿರ್ತೀನಿ."

ಅವನು ತೋರಿಸಲಿಲ್ಲ. ನಾನು ಏಳಲೂ ಇಲ್ಲ. ಮತ್ತೆ ಮತ್ತೆ ಹೋಗಿ ಅದೇ ಬೆಂಚಿನ ಮೇಲೆ ಕೂತೆ. ಕಡೆಗೆ, ನನ್ನನ್ನು ನೋಡಿ ನೋಡಿ ಸಾಕಾಗಿರಬೇಕು, ಅನುಮತಿ ಬಂತು.

ಎಂಜಿನ್ ಕೂತಿತು, ಆದರೆ ಬಾನೆಟ್ ಮುಚ್ಚಲಿಲ್ಲ. ಏರ್ ಫಿಲ್ಟರನ್ನು ಪಕ್ಕಕ್ಕೆ ಸರಿಸಿದರೆ ಬಾನೆಟ್ ಮುಚ್ಚುತ್ತದೆ, ಹೊರಗೆ ಏನೂ ಕಾಣುವುದಿಲ್ಲ ಎಂದ ಸರ್ದಾರ್ಜಿ. ಬೇರೆ ಎಂಜಿನ್ ಇರುವುದನ್ನು ಬಚ್ಚಿಡುವುದು ನನಗೆ ಬೇಕಿರಲಿಲ್ಲ. ಬಾನೆಟ್ ಕತ್ತರಿಸಿ, ನಡುವೆ ತಗಡಿನ ಉಬ್ಬು ಬೆಸೆಯಲು ಹೇಳಿದೆ. ಅದರ ಮೇಲೂ ಅದೇ ತಿಳಿಹಸಿರು ಬಣ್ಣ ಬಳಿಸಿದೆ.

ಮೊದಲ ಸವಾರಿಗೆ ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಬಂದರು. ನಿಜಾಮುದ್ದೀನ್ ಸೇತುವೆಯ ಮೇಲೆ ನಾನು ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಮುಂದಕ್ಕೆ ಹಾರಿತು. ಅವರು ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. "ನಿಧಾನ" ಎನ್ನುತ್ತಾರೆಂದುಕೊಂಡೆ. "ಇವಳು ಯಾವತ್ತೂ ಹೀಗೆ ಓಡಿರಲಿಲ್ಲ" ಎಂದು ಕಿಟಕಿಯತ್ತ ತಿರುಗಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದವಳಂತೆ ಇದ್ದೆ.

ಆ ಚಳಿಗಾಲ ಹಳೆಯ ಕಾರುಗಳ ಮೇಳವೊಂದಕ್ಕೆ ಇಬ್ಬರೂ ಹೋದೆವು. ಗೇಟಿನಲ್ಲಿ ಕೋಟು ತೊಟ್ಟ ಸಂಘಟಕರೊಬ್ಬರು ಬಾನೆಟ್ಟಿನ ಉಬ್ಬಿನ ಮೇಲೆ ಬೆರಳಾಡಿಸಿ, "ಒಳ್ಳೇ ಕಾರನ್ನು ಕೊಂದುಬಿಟ್ಟಿದ್ದೀರಿ. ಇಲ್ಲಿ ಅಸಲಿ ಕಾರುಗಳಿಗೆ ಮಾತ್ರ ಪ್ರವೇಶ" ಅಂದರು. ಅವರ ಹಿಂದೆ, ಟ್ರಕ್ಕಿನ ಮೇಲೆ ಬಂದ ಅಸಲಿ ಕಾರೊಂದನ್ನು ನಾಲ್ವರು ತಳ್ಳಿ ಇಳಿಸುತ್ತಿದ್ದರು.

"ನಮ್ಮದು ಓಡಿಕೊಂಡು ಬಂದಿದೆ. ಓಡಿಕೊಂಡೇ ಹೋಗುತ್ತೆ" ಅಂದೆ.

ಮೇಷ್ಟ್ರನ್ನು ಕೇಳಿದೆ, "ಮನೆಗೆ ಹೋಗೋಣವೇ?"

ಅವರು ಸೀಟು ಹಿಂದಕ್ಕೆ ಸರಿಸಿ ಕಾಲು ಚಾಚಿದರು. "ಯಾಕಮ್ಮ? ಚಲೋ, ಆಗ್ರಾ ಕಡೆ ಬಿಡು."