ಭಜನೆಯ ಬದಲು ಬಂದದ್ದು

ಮೊನ್ನೆ ಈ ಕೊಲ್ಲಿ ದೇಶದ ಮನಾಮ ಪೇಟೆಯ ಅಂಗಡಿಯೊಂದರಲ್ಲಿ ಯಾರೋ ಕಷಾಯದ ಪುಡಿಯ ಪೊಟ್ಟಣ ಬಿಚ್ಚಿದರು. ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ಇಲ್ಲಿನ ನಮ್ಮ ಕನ್ನಡ ಸಂಘದ ಹಳೆಯ ಅಧ್ಯಕ್ಷರು ಎದುರಿಗೇ ಬಂದು ನಿಂತ ಹಾಗಾಯಿತು. ಕೊಳ್ಳಬೇಕೆಂದಿದ್ದ ಅಕ್ಕಿಯನ್ನೂ ಮರೆತು ಹೊರಗೆ ಬಂದೆ.

ನಾನು ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ ಎಸಿ ರಿಪೇರಿ ಮಾಡುವವನು. ಅಧ್ಯಕ್ಷರು ದೊಡ್ಡ ಕಂಪೆನಿಯ ಮ್ಯಾನೇಜರ್ ಆಗಿದ್ದರು. ಗುಫೂಲ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಪ್ರತಿ ಶುಕ್ರವಾರ ಭಜನೆ ನಡೆಯುತ್ತಿತ್ತು. ಕೆಲಸಗಾರರ ಕ್ಯಾಂಪಿನಲ್ಲಿ ನಾನು ಹಾಡಿಕೊಳ್ಳುವುದನ್ನು ಒಮ್ಮೆ ಕೇಳಿ, ಕೈ ಹಿಡಿದು ಕರೆದುಕೊಂಡು ಹೋದವರು ಅವರೇ. ಹಾಡುವ ಮೊದಲು ಬಿಸಿ ಕಷಾಯವನ್ನು ತಾವೇ ಹಾಲ್‌ಗೆ ತಂದುಕೊಡುತ್ತಿದ್ದರು. ಉಳಿದವರಿಗೆ ಸ್ಟೀಲ್ ಲೋಟ, ನನಗೆ ಪೇಪರ್ ಕಪ್. ಅದೂ ಒಂದು ಮರ್ಯಾದೆ ಅಂದುಕೊಂಡಿದ್ದೆ... ಎಂಥ ಪೆದ್ದು ನಾನು!

ಭಜನೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಡ್ಯೂಟಿಯಿಂದಾಗಿ ಬರಲಾಗದವರಿಗೆಂದು ಸಂಘದ ವಾಟ್ಸಾಪ್ ಗುಂಪಿಗೆ ಹಾಕುವುದು ಅವರ ರೂಢಿ. ಕೆಲಸ ಹೋದವರಿಗೆ ಊರಿನ ಟಿಕೆಟ್ ತೆಗೆಸಿಕೊಡಲು ಒಂದು ನಿಧಿ ಮಾಡಿದಾಗ ನನ್ನನ್ನು ಕ್ಯಾಂಪಿನಿಂದ ಕ್ಯಾಂಪಿಗೆ ಹಾಡಿ ದುಡ್ಡು ಕೂಡಿಸಲು ಕಳಿಸಿದರು. ನನ್ನ ಮುಖ ನೋಡಿ ಹುಡುಗರು ಕೊಟ್ಟರು. ಸಂಬಳ ತಡವಾದವರೂ ಕೊಟ್ಟರು.

ಒಂದು ಶುಕ್ರವಾರ ಊರಿನಿಂದ ಒಬ್ಬ ರಾಜಕಾರಣಿಯ ಕಡೆಯವನು ಭಜನೆಗೆ ಬಂದಿದ್ದ. ಊಟಕ್ಕೆ ಮೊದಲು ಅವರಿಬ್ಬರೂ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಅಧ್ಯಕ್ಷರಿಗೆ ಊರಿನಲ್ಲಿ ಯಾವುದೋ ನಿಗಮದ ಕುರ್ಚಿ ಕೊಡಿಸುವ ಮಾತು. ನಾಳೆ ಅವನು ಕೈಕೊಟ್ಟರೆ ಇರಲಿ ಎಂದು, ಅವನಿಗೆ ತಿಳಿಯದ ಹಾಗೆ ಅದನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಗುಂಪಿಗೆ ಭಜನೆ ಹಾಕುವ ಬದಲು ಕೈತಪ್ಪಿ ಆ ಫೈಲನ್ನೇ ಹಾಕಿಬಿಟ್ಟರು.

ನಾನು ರೂಮಿನಲ್ಲಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ. ನನ್ನ ಹಾಡನ್ನು ನಾನೇ ಕೇಳುವ ಚಪಲ. ಜೊತೆಯ ಹುಡುಗರೂ ಕೇಳಲೆಂದು ಫೈಲ್ ತೆರೆದು ದನಿ ಜೋರು ಮಾಡಿದೆ.

"ಟಿಕೆಟಿನ ದುಡ್ಡು ಪೂರ್ತಿ ನಿಮ್ಮ ಚುನಾವಣೆಗೆ ಬಂದಿದೆ. ಇಲ್ಲಿ ಯಾರಿಗೂ ಗೊತ್ತಾಗುದಿಲ್ಲ," ಎನ್ನುತ್ತಿದ್ದರು ಅಧ್ಯಕ್ಷರು. ಬಂದವನು ನನ್ನ ಬಗ್ಗೆ ಏನೋ ಕೇಳಿದ. ಅಧ್ಯಕ್ಷರು ನಕ್ಕರು. "ಅವನಾ? ಹಾಡ್ಲಿಕ್ಕೆ ಮಾತ್ರ ಮಾರಾಯ್ರೆ. ಅಡುಗೆಮನೆಗೆ ಬಿಡುದಿಲ್ಲ, ನೀವು ಧೈರ್ಯದಲ್ಲಿ ಊಟ ಮಾಡಿ. ಆ ಜಾತಿಗೆ ದೇವರು ಕಂಠ ಒಂದು ಕೊಟ್ಟಿದ್ದಾನೆ, ಬೇರೆ ಎಂತದೂ ಕೊಡ್ಲಿಲ್ಲ."

ರೂಮಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಒಬ್ಬ ಎದ್ದು ಹೋಗಿ ಸುಮ್ಮನೆ ನಲ್ಲಿ ಬಿಟ್ಟ. ಆ ಹೊತ್ತಿನ ಅವಮಾನ ಇವತ್ತಿಗೂ ಮೈಯಲ್ಲಿದೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಆ ದುಡ್ಡನ್ನು ಅವರು ಕೇಳಿದ್ದು ನನ್ನ ಬಾಯಿಂದ. ನಾಳೆ ಆ ಹುಡುಗರ ಎದುರು ಹೇಗೆ ನಿಲ್ಲಲಿ?

ಅವರು ಫೈಲ್ ಅಳಿಸುವಷ್ಟರಲ್ಲಿ ಅದು ಕ್ಯಾಂಪುಗಳನ್ನೆಲ್ಲ ಸುತ್ತಿಯಾಗಿತ್ತು. ಮರುದಿನ ಅಧ್ಯಕ್ಷರು ನನ್ನ ರೂಮಿಗೆ ಬಂದರು, ಅಷ್ಟು ವರ್ಷಗಳಲ್ಲಿ ಮೊದಲ ಸಲ. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದರೆ ನಾನು ಕರಗಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

"ಈಗ ಕಂಪ್ಯೂಟರಲ್ಲಿ ಯಾರ ದನಿಯನ್ನೂ ಮಾಡ್ಲಿಕ್ಕಾಗ್ತದಲ್ಲ ಮಾರಾಯ," ಅಂದರು. "ಅದು ನನ್ನ ದನಿ ಅಲ್ಲ ಅಂತ ನೀನೊಂದು ಮಾತು ಹೇಳು. ಬೈದದ್ದು ನಿನಗೇ ಅಲ್ವಾ, ನೀನು ಹೇಳಿದ್ರೆ ಹುಡುಗರು ನಂಬ್ತಾರೆ."

ನಾನು ಚಹಾ ಮಾಡಿಕೊಟ್ಟೆ. ನನ್ನದೇ ಲೋಟದಲ್ಲಿ. ಮುಖದ ಒಂದು ಗೆರೆಯೂ ಅಲುಗದಂತೆ ಕುಡಿದು ಮುಗಿಸಿದರು. ಬೇಕೆನಿಸಿದರೆ ಕುಡಿಯಲು ಆಗುತ್ತಿತ್ತು ಅವರಿಗೆ! ಬೈಗುಳಕ್ಕಿಂತ ಹೆಚ್ಚು ಉರಿದದ್ದು ಅದು.

"ದನಿ ನಿಮ್ದೇ ಅಧ್ಯಕ್ಷರೇ. ನಂಗೆ ಗೊತ್ತಾಗುದಿಲ್ವಾ?" ಅಂದೆ. ಅವರು ಎದ್ದು ಚಪ್ಪಲಿ ಮೆಟ್ಟಿದರು.

ರಾಜೀನಾಮೆ ಕೊಟ್ಟು ಊರಿಗೆ ಹೋದರು. ಕುರ್ಚಿ ಸಿಗಲಿಲ್ಲವಂತೆ... ಟಿಕೆಟಿನ ದುಡ್ಡೂ ತಿರುಗಿ ಬರಲಿಲ್ಲ. ಕಾದು ಕೂತಿದ್ದ ಹುಡುಗರು ಕೈಸಾಲ ಮಾಡಿ ಹೊರಟರು. ಕೆಲವರು ಇವತ್ತಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅವರದು ತಪ್ಪೆಂದು ನನಗೆ ಅನಿಸುವುದಿಲ್ಲ.

ಹೋದ ತಿಂಗಳು ಅಧ್ಯಕ್ಷರು ತೀರಿಕೊಂಡ ಸುದ್ದಿ ಬಂತು. ನನಗೆ ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಸಿಟ್ಟು ಇದ್ದ ಹಾಗೇ ಇದೆ, ಬೈಯಲು ಮನುಷ್ಯ ಇಲ್ಲ. ಈಗ ಕ್ಯಾಂಪಿನ ಟೆರೇಸಿನಲ್ಲಿ, ನನ್ನ ಜೊತೆ ಇನ್ನೂ ಮಾತಾಡುವ ನಾಲ್ಕು ಜನರಿಗಾಗಿ ಹಾಡುತ್ತೇನೆ. ನನ್ನ ಹಾಡಿನಲ್ಲಿ ತಪ್ಪು ಹಿಡಿದು, ಮತ್ತೆ ಹೇಳು ಎನ್ನುತ್ತಿದ್ದವರು ಈ ದೇಶದಲ್ಲಿ ಅಧ್ಯಕ್ಷರೊಬ್ಬರೇ. ಕಳೆದ ವಾರ ಎರಡನೆಯ ಸಾಲಿನಲ್ಲೇ ಶ್ರುತಿ ತಪ್ಪಿತು, ನಾನು ಹಾಡು ನಿಲ್ಲಿಸಿ ಕಾದೆ. ಮುಗಿಯಿತೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.