ಜಲಜಾಕ್ಷಿಯವರ ತಂಬುಳಿ ಬಟ್ಟಲು

ಬೆಳಗಿನ ಐದು ಗಂಟೆ. ಚೆನ್ನೈನ ಪಲ್ಲಾವರಂನಲ್ಲಿರುವ ಸಸ್ಯಾಹಾರಿ ಹೋಟೆಲೊಂದರ ಅಡುಗೆಮನೆಯಲ್ಲಿ ಜಲಜಾಕ್ಷಿ ಮೆಟ್ಟುಕತ್ತಿಯ, ಅಂದರೆ ಈಳಿಗೆಯ, ಮಣೆ ಮೇಲೆ ಕೂತು ಬಾಳೆಕಾಯಿ ಹೆಚ್ಚುತ್ತಿದ್ದಾರೆ. ಹೆಚ್ಚಿದ ಹೋಳೆಲ್ಲ ಮಜ್ಜಿಗೆ ನೀರಿಗೆ ಬೀಳುತ್ತದೆ. "ಗಾಳಿ ತಾಗಿದ್ರೆ ಕಪ್ಪಾಗ್ತದೆ ಮಾರಾಯ್ರೆ. ಮಜ್ಜಿಗೆ ಉಂಟಲ್ಲ, ಅದು ಕಾಯ್ತದೆ," ಎನ್ನುತ್ತಾರೆ, ತಲೆ ಎತ್ತದೆ.

ಉಡುಪಿ ಕಡೆಯಿಂದ ಗಂಡನೊಂದಿಗೆ ಬಂದು ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡ ಮೇಲೆ ಕೈಹಿಡಿದದ್ದು ಈ ಅಡುಗೆಮನೆ. ಮಗಳು ನಮಿತಾಳನ್ನು ಓದಿಸಿದ್ದೂ ಇದೇ ಕತ್ತಿ. ದಿನಕ್ಕೆ ನಲವತ್ತು ಕಿಲೋ ತರಕಾರಿ, ಮಧ್ಯಾಹ್ನದ ಊಟಕ್ಕೆ ಇನ್ನೂರು ಬಟ್ಟಲು ಒಂದೆಲಗದ ತಂಬುಳಿ. ಹಸಿ ಎಲೆಯನ್ನು ತೆಂಗಿನಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸುವ, ಒಲೆಯನ್ನೇ ಕಾಣದ ಈ ಪದಾರ್ಥ ಅವರ ತವರಿನದು. ಊಟದ ಮೊದಲ ತುತ್ತು ಅದರಲ್ಲೇ ಆಗಬೇಕೆಂಬುದು ಅವರ ಹಟ.

ಕಳೆದ ತಿಂಗಳು ಆ ಹಟಕ್ಕೇ ಕುತ್ತು ಬಂತು. ಕೆಲಸ ಹಗುರಾಗಲೆಂದು ಜಲಜಾಕ್ಷಿ ನಸುಕಿನಲ್ಲೇ ಎಲೆ ರುಬ್ಬಿ ತೆರೆದಿಡತೊಡಗಿದ್ದರು. ಮಧ್ಯಾಹ್ನದ ಹೊತ್ತಿಗೆ ಹಸಿರು ಹೋಗಿ ಕಂದು, ಬಾಯಿಗಿಟ್ಟರೆ ಕಹಿ. ಬಟ್ಟಲುಗಳು ಹೋದ ಹಾಗೇ ಹಿಂದೆ ಬಂದವು. ಬಾಳೆಕಾಯಿಗೆ ಮಜ್ಜಿಗೆಯ ಕಾವಲಿಡುವವರಿಗೆ ಎಲೆಯ ಸಂಗತಿ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲು!

"ಜಲಜಕ್ಕ, ಇನ್ನು ತಂಬುಳಿ ಬೇಡ. ಮೊಸರು ಕೊಡುವ," ಎಂದುಬಿಟ್ಟರು ಮಾಲೀಕ ಶ್ರೀಶ. ಜಲಜಾಕ್ಷಿಗೆ ತವರೇ ಬಾಗಿಲು ಹಾಕಿಕೊಂಡಷ್ಟು ನೋವಾಯಿತು.

ಗುಟ್ಟು ಬಿಡಿಸಿದ್ದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನಮಿತಾ. "ಎಲೆ ಅರೆದ್ರೆ ಅದರ ಸೆಲ್ ಒಡೆದು ಗಾಳಿ ತಾಗ್ತದೆ, ಅಷ್ಟೇ ಮಾ. ನಮ್ಮ ಬಾಡಿಯಲ್ಲೂ ಡೈಲಿ ಇಂಥ ಡ್ಯಾಮೇಜ್ ನಡೀತದೆ." ಉಸಿರಾಡುವ ಆಮ್ಲಜನಕದಿಂದಲೇ ಹುಟ್ಟುವ ಕೆಲವು ಪುಂಡ ಕಣಗಳು ಜೀವಕೋಶಗಳ ಮೇಲೆ ಎರಗುತ್ತವೆ; ಸೊಪ್ಪು, ಹಣ್ಣುಗಳಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಆ ಪುಂಡರಿಗೆ ಬೇಕಾದ ಇಲೆಕ್ಟ್ರಾನನ್ನು ತಾವೇ ಕೊಟ್ಟು ತಣಿಸುತ್ತವೆ. ರುಬ್ಬಿ ತೆರೆದಿಟ್ಟರೆ ಆ ಕಾವಲಿನ ಒಂದು ಪಾಲು ಪಾತ್ರೆಯಲ್ಲೇ ಖರ್ಚಾಗುತ್ತದೆ. "ಮೆಡಿಸಿನ್ ಅಂತ ಮಾತ್ರ ಬೋರ್ಡ್ ಹಾಕ್ಬೇಡ, ಸರಿಯಾ?" ಎಂದೂ ಮಗಳು ಎಚ್ಚರಿಸಿದ್ದಾಳೆ.

ಜಲಜಾಕ್ಷಿ ಮಾಲೀಕರಲ್ಲಿ ಒಂದು ವಾರದ ಅವಕಾಶ ಕೇಳಿಕೊಂಡರು. ಅಂದಿನಿಂದ ರುಬ್ಬುವುದು ಎರಡು ಸಲ: ಹನ್ನೊಂದೂವರೆಗೊಮ್ಮೆ, ಒಂದು ಗಂಟೆಗೊಮ್ಮೆ. ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುವುದಿಲ್ಲ. ಎಂಟನೆಯ ದಿನ ಶ್ರೀಶ ಮೊಸರಿನ ಮಾತೆತ್ತಲಿಲ್ಲ. ಅನ್ನಕ್ಕೆ ತಂಬುಳಿ ಸುರಿದುಕೊಂಡು ಉಂಡರು, ಮತ್ತೊಂದು ಬಟ್ಟಲು ಕೇಳಿದರು.

ಈಗ ಊಟದ ಗದ್ದಲ ಮುಗಿದೊಡನೆ ಜಲಜಾಕ್ಷಿ ನೇರ ಪಾತ್ರೆ ತೊಳೆಯುವ ಜಾಗಕ್ಕೆ ಹೋಗುತ್ತಾರೆ. ಹಿಂದೆ ಬಂದ ಬಟ್ಟಲುಗಳನ್ನು ಒಂದೊಂದಾಗಿ ನೋಡುತ್ತಾರೆ. ನಿನ್ನೆ ಇನ್ನೂರರಲ್ಲಿ ನೂರ ತೊಂಬತ್ತಾರು ಖಾಲಿ.

ಇನ್ನೇನು ಆಸೆ ಎಂದು ಕೇಳಿದರೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ. "ಆಸೆ ಎಂತದು? ಆ ನಾಲ್ಕು ಬಟ್ಟಲು ಬಿಟ್ಟವರು ಯಾರು ಅಂತ ಗೊತ್ತಾಗ್ಬೇಕು ನಂಗೆ. ನಾಳೆ ನಾನೇ ಬಡಿಸ್ತೇನೆ."