ಬಾಣಂತಿಯ ಬಚ್ಚಲಿಗೆ ಹೊಗೆ ಪೈಪು

ಗ್ಯಾಸ್ ಗೀಜರ್ ಕೂರಿಸಲು ಯಾದಗಿರಿಯಿಂದ ಬಂದ ಮಿಸ್ತ್ರಿಯ ಮೇಲೆ ಮೊದಲ ಹತ್ತು ನಿಮಿಷದಲ್ಲೇ ನನ್ನ ಪಿತ್ತ ನೆತ್ತಿಗೇರಿತ್ತು. ಶಹಾಪುರದ ನಮ್ಮ ಮನೆಯ ಬಚ್ಚಲ ಗೋಡೆಗೆ ನಾಲ್ಕು ಮೊಳೆ ಹೊಡೆದು, ಗೀಜರ್ ತೂಗುಹಾಕಿ, ನಳ ಜೋಡಿಸಿ, ಕೈ ಒರೆಸಿಕೊಂಡು "ಆತ್ರಿ ಅಕ್ಕೋರ" ಅಂದ. ಗೀಜರಿನ ನೆತ್ತಿಯ ಮೇಲಿನ ದುಂಡನೆಯ ತೂತು ಹಾಗೇ ಬಾಯಿ ತೆರೆದುಕೊಂಡಿತ್ತು.

"ಹೊಗಿ ಪೈಪ್ ಎಲ್ಲದ?" ಎಂದು ಕೇಳಿದೆ.

"ಪೈಪ್ ಯಾರೂ ಹಾಕ್ಸಂಗಿಲ್ರಿ. ಇದರಾಗ ಹೊಗಿ ಕಾಣ್ತದೇನ್ರಿ? ಖಾಲಿಪೀಲಿ ಗ್ವಾಡಿ ಒಡಿಬೇಕಾಗ್ತದ."

ಕಾಣದಿದ್ದರೆ ಇಲ್ಲವೇ? ಡಬ್ಬಿಯೊಳಗಿನ ಕಾಗದವನ್ನು ನಾನು ಓದಿದ್ದೆ. ಉರಿದ ಗ್ಯಾಸಿಗೆ ಹೊರದಾರಿ ಇರದಿದ್ದರೆ ಮುಚ್ಚಿದ ಕೋಣೆಯಲ್ಲಿ ವಿಷಗಾಳಿ ತುಂಬುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಸಾಫಾಗಿ ಬರೆದಿತ್ತು. ಆ ಬಚ್ಚಲಿಗೆ ಬರುವವಳು ನನ್ನ ತಂಗಿ, ಚೊಚ್ಚಲ ಬಾಣಂತಿ. ಅವ್ವ ತೀರಿಕೊಂಡ ಮೇಲೆ ನನ್ನ ಮನೆಯೇ ಅವಳಿಗೆ ತವರು. ಹಿತ್ತಲಲ್ಲಿ ಹಂಡೆ ಒಲೆ ಇತ್ತು ನಿಜ. ಆದರೆ ಬೆಳಿಗ್ಗೆ ಸುರಪುರದ ಕಚೇರಿಗೆ ಬಸ್ಸು ಹಿಡಿಯುವ ನಾನು ತೊಗರಿಕಟ್ಟಿಗೆ ಊದುತ್ತ ಕೂರುವುದು ಹೇಗೆ? ಅದಕ್ಕೇ ಗೀಜರ್ ತಂದದ್ದು. ಅವಳನ್ನು ಕೊಲ್ಲಲು ತಂದದ್ದಲ್ಲ. ಹಾಗೆಂದೇ ಅವನಿಗೆ ಹೇಳಿದೆ, ಓಣಿಗೆಲ್ಲ ಕೇಳುವಂತೆ.

ಮರುದಿನ ಗೊಣಗುತ್ತ ಬಂದ. ನಮ್ಮದು ಹಳೆಯ ಕಲ್ಲಿನ ಗೋಡೆ. ಅದರಲ್ಲಿ ತೂತು ಕೊರೆಯಲು ಅರ್ಧ ದಿನ ಹಿಡಿಯಿತು. ಕೊರೆದವನು ಪೈಪನ್ನು ಒಳಮುಖವಾಗಿ ಇಳಿಜಾರು ಮಾಡಿ ಕೂರಿಸಿ ಹೋದ. ಬಿಸಿ ಹಬೆ ಪೈಪಿನೊಳಗೆ ತಣ್ಣಗಾಗಿ, ನೀರಾಗಿ, ತಿರುಗಿ ಗೀಜರಿನ ಉರಿಯ ಮೇಲೆಯೇ ಹನಿಯತೊಡಗಿತು. ಮತ್ತೆ ಫೋನು, ಮತ್ತೆ ಜಗಳ.

"ಅಕ್ಕೋರ, ನೀವು ಇಂಜಿನೇರ್ ಆಗಬೇಕಿತ್ತು ನೋಡ್ರಿ," ಎಂದ ಬಂದವನು.

"ನೀನಾದ್ರೂ ಮಿಸ್ತ್ರಿ ಆಗಬೇಕಿತ್ತು," ಎಂದೆ.

ಮೂರನೆಯ ಸಲ ಕೆಲಸ ಸರಿಯಾಯಿತು. ಪೈಪು ಹೊರಕ್ಕೆ ಇಳಿಜಾರಾಯಿತು. ಹಿತ್ತಲಲ್ಲಿ ಅದು ತಿರುಗುವ ಕಡೆ ಬೆರಳುದಪ್ಪದ ಇನ್ನೊಂದು ಕೊಳವೆ ಇಳಿಬಿಟ್ಟು, ಹಬೆಯ ನೀರು ಮೋರಿಗೆ ಬೀಳುವಂತೆ ಮಾಡಿದ. ಹೊರಡುವಾಗ, "ಮ್ಯಾಲಿನ ಕಿಂಡಿ ತೆರದಿಡ್ರಿ," ಎಂದ. ನನಗೇ ಬುದ್ಧಿ ಹೇಳುತ್ತಾನಲ್ಲ ಎಂದು ಉರಿದುಹೋಯಿತು. ಆ ವಾರವೆಲ್ಲ ಕಂಡಕಂಡವರನ್ನು ಹಿತ್ತಲಿಗೆ ಕರೆದು ಆ ಹನಿ ತೋರಿಸಿದೆ, ಅವನಿಂದ ಹೇಗೆ ಕೆಲಸ ತೆಗೆದೆ ಎಂದು ಕೊಚ್ಚಿಕೊಂಡೆ.

ತಂಗಿ ಕೂಸಿನೊಂದಿಗೆ ಬಂದಳು. ಬಾಣಂತನದ ಹೊಣೆ ನನ್ನ ಅತ್ತೆಯದು. ಓಣಿಯ ಎಷ್ಟೋ ಬಾಣಂತಿಯರಿಗೆ ನೀರೆರೆದ ಕೈ ಅವರದು. ಬಾಣಂತಿಗೆ ಗಾಳಿ ಬಡಿಯಬಾರದು ಎಂಬುದು ನಮ್ಮಲ್ಲಿ ಎರಡು ಮಾತಿಲ್ಲದ ಕಟ್ಟಳೆ. ಕಿವಿಗೆ ಹತ್ತಿ, ತಲೆಗೆ ಬಿಗಿಯಾದ ಅರಿವೆ, ಬಚ್ಚಲಿನ ಬಾಗಿಲಿಗೆ ಕಂಬಳಿ. ಮೇಲಿನ ಕಿಂಡಿಗೆ ಗೋಣಿತಟ್ಟು ತುರುಕಿದವಳು ನಾನೇ. ಪೈಪು ಇದೆಯಲ್ಲ, ಕಿಂಡಿ ಯಾಕೆ ಬೇಕು ಎಂದುಕೊಂಡೆ. ಅತ್ತೆ ಎಣ್ಣೆ ತಿಕ್ಕಿ, ಕುದಿಕುದಿ ನೀರನ್ನು ತಂಬಿಗೆಗಟ್ಟಲೆ ಸುರಿದು, ತಂಗಿಯ ಬೆನ್ನು ಕೆಂಪಾಗುವವರೆಗೆ ಬಿಡುತ್ತಿರಲಿಲ್ಲ. ಆಮೇಲೆ ಕೂಸನ್ನೂ ಅಲ್ಲೇ ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದರು.

ಹತ್ತು ದಿನ ಎಲ್ಲ ಸುಸೂತ್ರ. ಆಮೇಲೆ ತಂಗಿ, "ತಲಿ ಭಾಳ ನೋಯಾಕತ್ತದ ಅಕ್ಕ, ವಾಂತಿ ಬಂದಂಗ ಆಗ್ತದ," ಎನ್ನತೊಡಗಿದಳು. ಅತ್ತೆಯೂ ಹಣೆಗೆ ಅರಿವೆ ಬಿಗಿದುಕೊಂಡು ಓಡಾಡುತ್ತಿದ್ದರು. ವಯಸ್ಸಾಯಿತು, ನಿದ್ದೆಗೆಟ್ಟಿದ್ದಾರೆ ಎಂದುಕೊಂಡೆ. ತಂಗಿಗೆ ಬೈದೆ. ಮುಂದಿಟ್ಟ ಅಳವಿ ಬೀಜದ ಪಾಯಸ ಕುಡಿಯುವುದಿಲ್ಲ, ರೊಟ್ಟಿ ಮುಟ್ಟುವುದಿಲ್ಲ, ತಲೆ ನೋಯದೆ ಇನ್ನೇನಾಗುತ್ತದೆ ಎಂದು ಬೈದೆ. ಅದೇ ದಿನಗಳಲ್ಲಿ ಹಿತ್ತಲ ಕೊಳವೆಯ ಹನಿ ನಿಂತದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಪೈಪು ಕೊನೆಗೂ ಹದಕ್ಕೆ ಬಂತು ಎಂದು ಖುಷಿಪಟ್ಟೆ. ಬಿಸಿ ಹಬೆ ಆ ದಾರಿಯಲ್ಲಿ ಹೋಗುತ್ತಲೇ ಇಲ್ಲ ಎಂದು ಹೊಳೆಯಲಿಲ್ಲ. ನನ್ನ ಕಾಗದ ಓದುವ ಜಾಣತನಕ್ಕೆ ಬೆಂಕಿ ಬೀಳಲಿ!

ಕಚೇರಿಗೆ ರಜೆಯಿದ್ದ ದಿನ. ತಂಗಿಗೆ ಎರೆದು, ಬಿಸಿ ಆರಬಾರದೆಂದು ಅವಳನ್ನು ಬಿಸಿನೀರು ಬಿಟ್ಟ ನಳದ ಕೆಳಗೇ ಕೂರಿಸಿ, ಅತ್ತೆ ಕೂಸನ್ನು ಒಯ್ಯಲು ಹೊರಗೆ ಬಂದರು. ಕೂಸು ನನ್ನ ಮಡಿಲಲ್ಲಿತ್ತು. ಅತ್ತೆ ಗೋಡೆ ಹಿಡಿದುಕೊಂಡು, "ಯವ್ವಾ, ಕಣ್ಣ್ ಕತ್ಲಿ ಬರಾಕತ್ತಾವ," ಎಂದು ಅಲ್ಲೇ ಕುಸಿದರು. ಅಷ್ಟರಲ್ಲಿ ಒಳಗೆ ತಂಬಿಗೆ ಉರುಳಿದ ಸದ್ದು. ಕೂಸನ್ನು ನೆಲದ ಮೇಲೆ ಮಲಗಿಸಿ ಓಡಿದೆ. ತಂಗಿ ಒದ್ದೆ ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದಳು, ಕಣ್ಣು ಅರೆತೆರೆದಿದ್ದವು. ಕಂಕುಳಿಗೆ ಕೈಹಾಕಿ ಹಿತ್ತಲಿಗೆ ಎಳೆದು ತಂದೆ. ಗಾಳಿ ಬಡಿಯಬಾರದ ಬಾಣಂತಿಯನ್ನು ಬಯಲ ಗಾಳಿಯಲ್ಲಿ ಮಲಗಿಸಿ, ಕೆನ್ನೆಗೆ ಹೊಡೆದು ಹೊಡೆದು ಕೂಗಿದೆ.

ಕೂಗು ಕೇಳಿ ಓಡಿಬಂದ ಓಣಿಯವರೊಂದಿಗೆ, ಕೂಸನ್ನೂ ಎತ್ತಿಕೊಂಡು, ಇಬ್ಬರನ್ನೂ ಆಟೋದಲ್ಲಿ ದವಾಖಾನೆಗೆ ಒಯ್ದೆವು. ಆಕ್ಸಿಜನ್ ಹಚ್ಚಿದರು, ಅತ್ತೆಗೂ ಹಚ್ಚಿದರು. ಡಾಕ್ಟರು ಗೀಜರಿನ ಗ್ಯಾಸು ಎಂದರು. ತಂಗಿ ಕಣ್ಣು ಬಿಟ್ಟು "ಕೂಸು ಎಲ್ಲಿ?" ಎಂದು ಕೇಳುವವರೆಗೆ ನಾನು ಅವಳ ಮಂಚ ಬಿಟ್ಟು ಕದಲಲಿಲ್ಲ. ಆಮೇಲೆ ಹೆದರಿಕೆಯೆಲ್ಲ ಸಿಟ್ಟಾಯಿತು. ವರಾಂಡದಲ್ಲಿ ನಿಂತು ಮಿಸ್ತ್ರಿಗೆ ಫೋನು ಮಾಡಿದೆ. ಅವನ ಅಪ್ಪ, ಅಜ್ಜ ಯಾರನ್ನೂ ಬಿಡಲಿಲ್ಲ. ಪೊಲೀಸರ ಹತ್ತಿರ ನಿಲ್ಲಿಸುತ್ತೇನೆ ಎಂದೆ. "ಬಂದು ನೋಡ್ತೀನ್ರಿ ಅಕ್ಕೋರ," ಎಂದ.

ಮೂವರನ್ನೂ ಮನೆಗೆ ಕರೆತಂದ ದಿನವೇ ಅವನೂ ಬಂದ. ಬಚ್ಚಲಿಗೆ ಹೋಗಲೇ ಇಲ್ಲ. ನೇರ ಹಿತ್ತಲಿಗೆ ನಡೆದು, ಬಟ್ಟೆ ಒಗೆಯುವ ಕಲ್ಲು ಹತ್ತಿ, ಪೈಪಿನ ಬಾಯಿಗೆ ಕೈಹಾಕಿದ. ಒಳಗಿನಿಂದ ಹಸಿರು ಅರಿವೆ ಬಂತು, ಮೊಳಗಟ್ಟಲೆ. ನನ್ನದೇ ಹಳೆಯ ಸೀರೆಯ ತುಂಡು.

"ಅಕ್ಕೋರ, ಇದನ್ನ ನಾ ಇಟ್ಟಿಲ್ರಿ," ಎಂದಷ್ಟೇ ಹೇಳಿ ಅದನ್ನು ನನ್ನ ಕೈಗಿಟ್ಟು ಹೋದ.

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. "ನಾನಾ ಇಟ್ಟೀನವ್ವ. ಅದರಾಗಿಂದ ತಣ್ಣನ ಗಾಳಿ ಬರಾಕತ್ತಿತ್ತು. ಹಸಿ ಬಾಣಂತಿ, ಗಾಳಿ ಬಡದ್ರ ಹೆಂಗ ಅಂತ ಬಾಯಿ ಮುಚ್ಚಿದ್ನಿ."

ನಾನು ಕಿರುಚಿದೆ. ತಂಗಿಯನ್ನು ಕೊಲ್ಲುತ್ತಿದ್ದಿರಿ, ಕೂಸನ್ನೂ ಕೊಲ್ಲುತ್ತಿದ್ದಿರಿ ಎಂದೆ. ಅತ್ತೆ ಹೊಸ್ತಿಲ ಮೇಲೆಯೇ ಕುಳಿತರು.

"ಹಚ್ಚಿದ ಮರುದಿನಾನ ನಿನ್ನ ಕೇಳಿದ್ನಿ, ಈ ಪೈಪ್ ಯಾತಕ್ಕ ಅಂತ. ನಿಮಗ ತಿಳಿಯಂಗಿಲ್ಲ ಬಿಡ್ರಿ ಅಂದಿ."

ಅಂದಿದ್ದೆ. ಬಸ್ಸಿನ ಹೊತ್ತಾಗಿತ್ತು, ಚಪ್ಪಲಿ ಮೆಟ್ಟುತ್ತ ಅಂದಿದ್ದೆ. ಓಣಿಗೆಲ್ಲ ಬಿಡಿಸಿ ಹೇಳಿದ ನಾನು, ಆ ಬಚ್ಚಲಲ್ಲಿ ದಿನಾ ನಿಲ್ಲುವ ಒಬ್ಬರಿಗೆ ಮಾತ್ರ ಹೇಳಿರಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ತಂಗಿ ಈಗ ಹುಷಾರಾಗಿದ್ದಾಳೆ. ಅತ್ತೆ ಎರೆಯಲು ಬಂದರೆ ಬೇಡ ಎನ್ನುತ್ತಾಳೆ, ಕೂಸನ್ನೂ ಅವರ ಕೈಗೆ ಕೊಡುವುದಿಲ್ಲ. ತಾವು ಕೇಳಿದಾಗ ನಾನು ಬಿಡಿಸಿ ಹೇಳಲಿಲ್ಲವೆಂದು ಅತ್ತೆ ಅವಳಿಗೆ ಇವತ್ತಿನವರೆಗೆ ಹೇಳಿಲ್ಲ. ನಾನೂ ಹೇಳಿಲ್ಲ.